ಬಿಸಿಲಿಗಿಟ್ಟ ಸಿಗಾರು

ನಾನು ಸಿಗಾರು ಸೇದಿದ್ದೇನೆ.

ಹೌದು, ನಾನೇ. ರೋಣದ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ, ವಾರಕ್ಕೊಮ್ಮೆ ಈ ಮೂಲೆಯಲ್ಲಿ ನಿಮ್ಮ ತಲೆ ತಿನ್ನುವ, ಐವತ್ತರ ಹತ್ತಿರದ ಹೆಂಗಸು. ನರಗುಂದದ ಬಜಾರಿನಲ್ಲಿ ಒಂದು ತಂಬಾಕಿನ ಅಂಗಡಿ. ಅದರ ಹಿಂದಿನ ಕೋಣೆ. ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಒಂದೇ ಒಂದು ಸಲ ಎಳೆದೆ. ಆಮೇಲೆ ಐದು ನಿಮಿಷ ಕೆಮ್ಮಿದೆ. (ನಮ್ಮ ಹೆಡ್‌ಮಾಸ್ತರರು ಈ ಪೇಪರಿನಲ್ಲಿ ರಾಶಿಭವಿಷ್ಯ ಬಿಟ್ಟು ಬೇರೇನೂ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.)

ತಂಬಾಕು ಆರೋಗ್ಯಕ್ಕೆ ಹಾನಿಕರ ಎಂದು ವರ್ಷಕ್ಕೆ ನಾಲ್ಕು ಸಲ ಬೋರ್ಡಿನ ಮೇಲೆ ಬರೆಯುವ ಕೈ ಇದು. ಮುಂದೆಯೂ ಬರೆಯುತ್ತದೆ. ಹಾಗಿದ್ದ ಮೇಲೆ ಈ ಉಸಾಬರಿ ಯಾಕೆ ಬೇಕಿತ್ತು ಅನ್ನುತ್ತೀರಾ? ಎಲ್ಲ ನಜೀರನ ಸಲುವಾಗಿ.

ನಜೀರ ಸವಡಿಯ ಹುಡುಗ. ಹುಡುಗನೇನು, ಈಗ ಮೂವತ್ತರ ಗಂಡಸು. ನನ್ನ ಕೈಯಲ್ಲಿ ಕಲಿತವನಾದ್ದರಿಂದ ನನಗೆ ಹುಡುಗ. ಐದು ವರ್ಷದಿಂದ ಗಲ್ಫಿನ ಒಂದು ಊರಿನಲ್ಲಿ, ದೊಡ್ಡ ಸಿಗಾರಿನ ಅಂಗಡಿಯಲ್ಲಿ ಪೆಟ್ಟಿಗೆ ಎತ್ತಿಡುವ ಕೆಲಸ. ಅಂಗಡಿಯ ನಡುವೆ ಒಂದು ಗಾಜಿನ ಕೋಣೆ ಇದೆಯಂತೆ. ಒಳಗೆ ಸದಾ ತಂಪು, ಸದಾ ತೇವ. ಬೆಲೆಬಾಳುವ ಸಿಗಾರುಗಳೆಲ್ಲ ಅಲ್ಲೇ. ಗಿರಾಕಿ ಬಂದರೆ ಯಾವುದರ ರುಚಿ ಹೇಗೆ ಎಂದು ಬಾಯಿಬಿಟ್ಟು ಹೇಳಬಲ್ಲವನಿಗೆ ಮಾತ್ರ ಆ ಕೋಣೆಯಲ್ಲಿ ನಿಲ್ಲುವ ಕೆಲಸ. ನಜೀರ ಐದು ವರ್ಷ ಆ ಗಾಜನ್ನು ಹೊರಗಿನಿಂದ ಒರೆಸಿದ್ದಾನೆ.

ಈ ಸಲ ರಜೆಗೆ ಬಂದವನು ಸೀದಾ ನಮ್ಮ ಮನೆಗೆ ಬಂದ. ಪ್ಲಾಸ್ಟಿಕ್ ಪಾಕೀಟಿನಲ್ಲಿ ಒಂದೇ ಒಂದು ಸಿಗಾರು. ಗೇಣುದ್ದ, ಹೆಬ್ಬೆರಳಿನ ದಪ್ಪ. ಮೈಗೆ ಎರಡು ಕಾಗದದ ಉಂಗುರ. ಮೇಲಿನದು ಕಂಪನಿಯದು. ಕೆಳಗಿನದು, ಇದು ಯಾವ ಸೀಮೆಗಾಗಿ ಮಾಡಿದ್ದು ಎಂದು ಹೇಳುವಂಥದ್ದು. ಗಲ್ಫಿನ ನಾಲ್ಕಾರು ದೇಶಗಳಿಗಷ್ಟೇ ಎಂದು ಕ್ಯೂಬಾದವರು ಬೇರೆಯಾಗಿ ಸುತ್ತಿ ಕಳಿಸಿದ ಮಾಲು. ಲಿಮಿಟೆಡ್. ಇಷ್ಟೇ ಪೆಟ್ಟಿಗೆ, ಮುಗಿದರೆ ಮುಗಿಯಿತು, ಕ್ಯೂಬಾದ ಅಂಗಡಿಯಲ್ಲೂ ಸಿಗುವುದಿಲ್ಲವಂತೆ.

ಅಂಗಡಿಯ ಮಾಲೀಕರು ಕೆಲಸದವರಿಗೆಲ್ಲ ಒಂದೊಂದು ಕೊಟ್ಟಿದ್ದರು. ಸೇದಿ ನೋಡಿ, ಏನನ್ನಿಸಿತೋ ಒಂದು ಪುಟ ಬರೆದು ತನ್ನಿ. ಚೆನ್ನಾಗಿ ಬರೆದವನು ಗಾಜಿನ ಕೋಣೆಗೆ.

“ನನಗ ಸಣ್ಣಾಂವ ಇದ್ದಾಗಿಂದ ಉಬ್ಬಸ ಐತಿ, ನಿಮಗ ಗೊತ್ತ ಐತಲ್ರಿ ಅಕ್ಕೋರ,” ಅಂದ ನಜೀರ. “ಯಾರ ಕಡೆಯಿಂದರ ಸೇದಸ್ರಿ. ಬರಿಯೂದು ಮಾತ್ರ ನೀವ ಬರೀಬೇಕು.”

“ಸಿಗಾರಿನ ಬಗ್ಗೆ ನನಗೇನ ಗೊತ್ತಪಾ?”

“ಬದನೀಕಾಯಿ ಪಲ್ಯಾದ ಮ್ಯಾಲೆ ಇಡೀ ಅಂಕಣ ಬರದೀರಿ. ಇದು ಒಂದ ಪುಟ. ನಿಮಗ್ಯಾವ ಲೆಕ್ಕ?”

ಹೊಗಳಿದನೋ ಛೇಡಿಸಿದನೋ ಇವತ್ತಿಗೂ ತಿಳಿದಿಲ್ಲ. ಒಪ್ಪಿಕೊಂಡೆ. ಪುರ್ತಗೇರಿಯ ಅಕ್ಕನ ಮನೆಗೆ ಹೋಗಿ ಮೂರು ದಿನಕ್ಕೆ ಬರುತ್ತೇನೆ, ಅಲ್ಲೀತನಕ ಜ್ವಾಕಿಯಿಂದ ಇಡಿ ಎಂದು ಹೇಳಿ ಹೋದ.

ಅದೊಂದು ಮಾತು ಹೇಳದೇ ಇದ್ದಿದ್ದರೆ ಒಳ್ಳೆಯದಿತ್ತು. ನನ್ನ ಜ್ವಾಕಿಯಿಂದಲೇ ಎಲ್ಲ ಕೆಟ್ಟದ್ದು.

ಮರುದಿನ ಪಾಕೀಟು ಬಿಚ್ಚಿ ನೋಡಿದೆ. ಒಳಗೊಂದು ಸಣ್ಣ ಕಾಗದದ ಚೀಲ, ಮುಟ್ಟಿದರೆ ಒದ್ದೆ ಒದ್ದೆ. ಸಿಗಾರು ಒತ್ತಿದರೆ ಮೆತ್ತಗೆ. ಮೇಲೆ ಬಿಳಿ ಪುಡಿ ಬೇರೆ! ಅಯ್ಯೋ, ವಿಮಾನದಲ್ಲಿ ನೀರು ತಾಗಿ ಬೂಷ್ಟು ಹಿಡಿದಿದೆ ಅಂದುಕೊಂಡೆ. ರೋಣ ತಾಲೂಕಿನ ಹೆಂಗಸು ಹಸಿಯಾದ ವಸ್ತು ಕಂಡರೆ ಏನು ಮಾಡುತ್ತಾಳೆ? ಮೆಣಸಿನಕಾಯಿ ಇರಲಿ, ಹೆಸರುಕಾಳು ಇರಲಿ, ನೆನೆದ ನೋಟಿರಲಿ, ನಮಗೆ ಗೊತ್ತಿರುವುದು ಒಂದೇ ಮದ್ದು. ಬಿಳಿ ಪುಡಿಯನ್ನು ಅರಿವೆಯಿಂದ ಒರೆಸಿದೆ. ಒದ್ದೆ ಚೀಲವನ್ನು ಕಸಕ್ಕೆ ಹಾಕಿದೆ. ಸಿಗಾರನ್ನು ಒಯ್ದು ಮಾಳಿಗೆಯ ಮೇಲೆ, ಹಪ್ಪಳ ಸಂಡಿಗೆಯ ನಡುವೆ, ಬಿಸಿಲಿಗಿಟ್ಟೆ.

ಒಂದಲ್ಲ, ಎರಡು ದಿನ. ಎರಡನೇ ದಿನ ಮಗ್ಗುಲು ಬದಲಿಸಿದೆ ಕೂಡ, ಎರಡೂ ಕಡೆ ಸಮವಾಗಿ ಒಣಗಲಿ ಎಂದು.

ಮಾಳಿಗೆಯ ಮೇಲೆ ಕಾಗೆ ಕಾಯುತ್ತ ಕೋಲು ಹಿಡಿದು ಕೂತವರು ನಮ್ಮತ್ತೆ. ಎಂಬತ್ತು ಮುಟ್ಟುವ ವಯಸ್ಸು. ಗಜೇಂದ್ರಗಡದ ತವರಿನಿಂದಲೇ ತಪಕೀರಿನ ಚಟ ಹಚ್ಚಿಕೊಂಡು ಬಂದವರು. ಈಗಲೂ ಸೊಂಟದ ಚೀಲದಲ್ಲಿ ಆ ನಶ್ಯದ ಡಬ್ಬಿ ಇಲ್ಲದಿದ್ದರೆ ಮಾತೇ ಹೊರಡುವುದಿಲ್ಲ. “ಇದೇನ ಇದು?” ಎಂದು ಕೇಳಿದ್ದರು. “ನಜೀರಂದ್ರಿ, ಹಸಿ ಆಗೇತಿ,” ಅಂದಿದ್ದೆ. “ಒಣಗ್ಲಿ ಬಿಡು,” ಅಂದು ಸುಮ್ಮನಾಗಿದ್ದರು.

ಮೂರನೇ ದಿನ ನಜೀರ ಬಂದ. ನಾನು ಮಾಳಿಗೆಯ ಮೇಲಿದ್ದೆ, ಅವನೂ ಅಲ್ಲಿಗೇ ಹತ್ತಿ ಬಂದ. ಸಂಡಿಗೆಯ ನಡುವೆ ಮಲಗಿದ್ದ ತನ್ನ ಸಿಗಾರನ್ನು ನೋಡಿದ. ಎತ್ತಿಕೊಂಡ. ಅದು ಚರಚರ ಅಂದಿತು. ಮೇಲಿನ ಎಲೆಯ ಒಂದು ಚೂರು ಕಿತ್ತು ಸಂಡಿಗೆಯ ಮೇಲೆ ಬಿತ್ತು.

ಅವನು ಅಲ್ಲೇ ಕುಕ್ಕರಿಸಿ ಕೂತುಬಿಟ್ಟ. ಸಿಗಾರು ಸದಾ ತೇವದಲ್ಲೇ ಇರಬೇಕಂತೆ. ಆ ಗಾಜಿನ ಕೋಣೆ ಅದಕ್ಕೇ. ಆ ಒದ್ದೆ ಚೀಲ ಇಟ್ಟದ್ದೂ ಅದಕ್ಕೇ. ಬಿಳಿ ಪುಡಿ ಬೂಷ್ಟಲ್ಲವಂತೆ, ಒಳ್ಳೆಯ ಎಲೆ ಹಳೆಯದಾದಾಗ ತಾನೇ ಬಿಡುವ ಹಿಟ್ಟಂತೆ. ಒಣಗಿದ ಸಿಗಾರು ಹುಲ್ಲಿನ ಹಾಗೆ ಉರಿದುಹೋಗುತ್ತದೆ, ರುಚಿ ಅನ್ನುವುದೇ ಇರುವುದಿಲ್ಲ. ಇನ್ನೊಂದು ತರೋಣವೆಂದರೆ ಎಲ್ಲಿಂದ? ಕೊಟ್ಟದ್ದೇ ಒಂದು.

“ಯಾರ ಇಟ್ಟಾರ್ರಿ ಇದನ್ನ ಬಿಸಲಾಗ?” ಅಂದ.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವನ ಕಣ್ಣು ಕೋಲು ಹಿಡಿದು ಕೂತಿದ್ದ ಅತ್ತೆಯ ಕಡೆ ಹೋಯಿತು. ನನ್ನ ಕಣ್ಣೂ ಹೋಯಿತು. (ಈ ವಾಕ್ಯವನ್ನು ಬರೆಯುವುದಕ್ಕೇ ಇವತ್ತು ಪೆನ್ನು ಹಿಡಿದಿದ್ದೇನೆ. ನನ್ನ ಕಣ್ಣೂ ಹೋಯಿತು.)

“ನಾನ ಇಟ್ಟೆ ಯಪ್ಪಾ,” ಅಂದರು ಅತ್ತೆ. “ಹಸಿ ಇತ್ತು ಅಂತ ಇಟ್ಟೆ. ನನಗೇನ ತಿಳೀತೈತಿ ಇದರಾಗ?”

“ಇರ್ಲಿ ಬಿಡ್ರಿ ಆಯಿ. ನಿಮಗ ಹ್ಯಾಂಗ ಗೊತ್ತಾಗಬೇಕು,” ಅಂದ ನಜೀರ.

ನಾನು? ಸುಮ್ಮನಿದ್ದೆ. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವ ಟೀಚರು ಸಂಡಿಗೆ ಎಣಿಸುವವಳ ಹಾಗೆ ನೆಲ ನೋಡುತ್ತ ನಿಂತೆ.

ಅತ್ತೆ ಒಂದು ಚಿಟಿಕೆ ತಪಕೀರು ಏರಿಸಿದರು. “ನರಗುಂದದ ಖಾಜಾಸಾಬ್ರ ಕಡೆ ಒಯ್ಯೂಣು,” ಅಂದರು. “ತಂಬಾಕ ಸತ್ತಿದ್ರ ಅಂವಾ ಹೇಳ್ತಾನ. ಜೀವ ಇದ್ರ ಅಂವಾ ಎಬ್ಬಸ್ತಾನ.”

ಖಾಜಾಸಾಬರ ಮನೆತನದಿಂದಲೇ ಅತ್ತೆಗೆ ತಪಕೀರು ಬರುವುದು. ಅವರ ತಂದೆ ಗಜೇಂದ್ರಗಡದ ಸಂತೆಗೆ ಬರುತ್ತಿದ್ದ ಕಾಲದಿಂದ. ಅದೇ ಮಧ್ಯಾಹ್ನ ಮೂವರೂ ನರಗುಂದದ ಬಸ್ಸು ಹತ್ತಿದೆವು. ಸಿಗಾರು ಸ್ಟೀಲಿನ ಡಬ್ಬಿಯಲ್ಲಿ, ಡಬ್ಬಿ ಅತ್ತೆಯ ತೊಡೆಯ ಮೇಲೆ. ದಾರಿಯುದ್ದಕ್ಕೂ ನಜೀರ ಒಂದು ಮಾತು ಬಯ್ಯಲಿಲ್ಲ. ಬಯ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಗುಡ್ಡದ ಕೆಳಗಿನ ಬಜಾರಿನಲ್ಲಿ ಕತ್ತಲೆ ಕತ್ತಲೆಯಾದ ಸಣ್ಣ ಅಂಗಡಿ. ಖಾಜಾಸಾಬರು ಎಪ್ಪತ್ತರ ಮನುಷ್ಯ, ಆ ಸೆಕೆಯಲ್ಲೂ ಫ್ಯಾನು ಹಾಕಿರಲಿಲ್ಲ. ಗಾಳಿಗೆ ಎಲೆ ಒಣಗುತ್ತದಂತೆ. ಸಿಗಾರನ್ನು ಮೊದಲು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಒತ್ತಿದರು. ಆಮೇಲೆ ಮೂಗಿಗೆ. ಆಮೇಲೆ ಬೆರಳಿಂದ ಸವರಿ ಆ ಬೆರಳನ್ನು ನೋಡಿಕೊಂಡರು.

“ಬಿಸಲ ಬಡದೈತಿ. ಆದ್ರ ಎಣ್ಣಿ ಇನ್ನಾ ಹೋಗಿಲ್ಲ,” ಅಂದರು. “ಬದುಕತೈತಿ. ಒಂಬತ್ತ ದಿನಾ ಬೇಕು.”

ನಜೀರನ ರಜೆ ಉಳಿದದ್ದು ಹನ್ನೊಂದು ದಿನ.

“ಚಾಚಾ, ಒಂದೀಟ ನೀರ ಚಿಮುಕಿಸಿದ್ರ ಲಗೂ ಆಗಂಗಿಲ್ಲೇನ್ರಿ?” ಅಂದ.

“ಲಗೂ ಮಾಡಿದ್ರ ಒಂದ ಎಲಿ ಉಬ್ಬತೈತಿ, ಒಂದ ಉಬ್ಬಂಗಿಲ್ಲ. ಸೀಳಿ ಹೋಗತೈತಿ. ಸಾವಕಾಶ ಬರಬೇಕಪಾ ಅದು.”

ಹೊಸ ಮಣ್ಣಿನ ಗಡಿಗೆಯೊಂದನ್ನು ನೀರಲ್ಲಿ ನೆನೆಸಿ, ಒರೆಸಿ, ಒಳಗೆ ತೊಳೆದ ಬಿಳಿ ಅರಿವೆ ಹಾಸಿ, ಅದರ ಮೇಲೆ ಸಿಗಾರು ಮಲಗಿಸಿ, ಬಾಯಿಗೆ ಒದ್ದೆ ಅರಿವೆ ಕಟ್ಟಬೇಕು. ದಿನಾ ನಸುಕಿನಲ್ಲಿ ಅರಿವೆ ತೋಯಿಸಬೇಕು. ದಿನಾ ಸಿಗಾರನ್ನು ಕಾಲು ಸುತ್ತು ತಿರುಗಿಸಬೇಕು. ಬೇಸಿಗೆಯಲ್ಲಿ ಎಲೆ ಪುಡಿಯಾಗದಂತೆ ಕಾಯುವುದು ಅವರಿಗೆ ಅಪ್ಪನ ಕಾಲದಿಂದ ಬಂದ ಕೆಲಸ. ಆದರೆ ಗಡಿಗೆಯನ್ನು ಅಂಗಡಿಯಲ್ಲಿ ಇಡಲಿಲ್ಲ. ತಮ್ಮ ತಂಬಾಕಿನ ಘಾಟು ಅದಕ್ಕೆ ಹತ್ತಬಾರದೆಂದು ಮನೆಗೆ ಒಯ್ದು, ಕಾಳಿನ ಕೋಣೆಯಲ್ಲಿ ಇಟ್ಟರು. ಯಾವುದೋ ದೇಶದ ಎಲೆ, ಯಾರದೋ ನೌಕರಿ. ಇಷ್ಟೊಂದು ಯಾಕೆ ಮಾಡಬೇಕಿತ್ತು ಅವರು?

ಆ ಒಂಬತ್ತು ದಿನ ನಾನು ದಿನಾ ಅವರ ಅಂಗಡಿಗೆ ಫೋನು ಮಾಡಿದೆ. ಮೊದಲ ದಿನ, “ಮಲಗೇತ್ರಿ,” ಅಂದರು. ನಾಲ್ಕನೆಯ ದಿನ, “ಹೊರಳ್ಯಾಡಾಕತ್ತೈತ್ರಿ.” ಏಳನೆಯ ದಿನ ನಾನು ಹಲೋ ಅನ್ನುವ ಮೊದಲೇ, “ಇನ್ನಾ ಎದ್ದಿಲ್ರಿ ಅಕ್ಕೋರ, ಗದ್ದಲ ಮಾಡಬ್ಯಾಡ್ರಿ,” ಅಂದು ಇಟ್ಟುಬಿಟ್ಟರು.

ಇತ್ತ ಓಣಿಯಲ್ಲಿ ಸುದ್ದಿ ಹಬ್ಬಿತ್ತು. ಆಯಿ ಗಲ್ಫಿನ ಸಿಗಾರನ್ನ ಸಂಡಿಗಿ ಜೋಡಿ ಒಣಗಿಸಿದ್ಲಂತ! ಹೆಂಗಸರು ಬಂದು ನಗೆಯಾಡಿದರು. ಅತ್ತೆಯೂ ಜೊತೆಗೆ ನಕ್ಕರು. “ಕರದ್ರ ಚಲೋ ಆಗ್ತಿತ್ತೇನೋ,” ಅಂತ ತಾವೇ ಒಂದು ಮಾತು ಸೇರಿಸಿದರು. ನನ್ನ ಕಡೆ ಒಂದು ಸಲವೂ ತಿರುಗಿ ನೋಡಲಿಲ್ಲ. ನಾನು ಆ ಒಂಬತ್ತು ದಿನ ಅವರ ರೊಟ್ಟಿಗೆ ಬೆಣ್ಣೆ ಜಾಸ್ತಿ ಹಾಕಿದೆ. ಹೇಳಬೇಕಾದದ್ದನ್ನು ಹೇಳಲಾಗದಿದ್ದರೆ ನಾವು ಬಡಿಸುತ್ತೇವೆ, ಅಲ್ಲವೇ?

ಹತ್ತನೆಯ ದಿನ ಭಾನುವಾರ. “ಎದ್ದೈತ್ರಿ. ಬರ್ರಿ,” ಎಂದು ಅವರೇ ಫೋನು ಮಾಡಿದ್ದರು.

ಅಂಗಡಿಯ ಹಿಂದಿನ ಕೋಣೆಯಲ್ಲಿ ನಮ್ಮನ್ನು ಕೂರಿಸಿ, ಮನೆಯಿಂದ ತಂದ ಗಡಿಗೆಯಿಂದ ತೆಗೆದ ಸಿಗಾರನ್ನು ಕಿವಿಗೆ ಹಿಡಿದು ಒತ್ತಿದರು. ಸದ್ದಿಲ್ಲ. ನಜೀರನ ಕೈಗೆ ಕೊಟ್ಟರು. ಅವನೂ ಒತ್ತಿ ನೋಡಿದ, ಮುಖ ಅರಳಿತು. ಕಿತ್ತ ಕಡೆ ಒಂದು ಗಾಯ ಮಾತ್ರ ಹಾಗೇ ಇತ್ತು. ಅಡಕತ್ತರಿಯಿಂದ ತುದಿ ಕತ್ತರಿಸಿ, ಬಿಟ್ಟು ಎಷ್ಟೋ ವರ್ಷವಾದ ಹೊಗೆಯನ್ನು ಖಾಜಾಸಾಬರು ನಮ್ಮ ಸಲುವಾಗಿ ಒಂದು ದಿನಕ್ಕೆ ಬಾಯಿಗೆ ತಂದುಕೊಂಡರು. ನುಂಗಲಿಲ್ಲ. ಬಾಯಲ್ಲೇ ತಿರುವಿ ಬಿಟ್ಟರು. ನಜೀರನಿಗೆ ಹೊಗೆ ಆಗದು, ಅವನು ಬಾಗಿಲಾಚೆ ನಿಂತ. ಅತ್ತೆ ಮೂಗು ಮುಂದೆ ಚಾಚಿ ಕೂತರು. ನಾನು ನೋಟ್‌ಬುಕ್ ತೆಗೆದೆ.

ಮೊದಲ ಭಾಗ: “ಹುರದ ಶೇಂಗಾ. ಸಿಪ್ಪಿ ಸಮೇತ ಹುರದದ್ದು.” ಸ್ವಲ್ಪ ಹೊತ್ತಿಗೆ: “ಈಗ ಹೊಸಾ ಚಪ್ಪಲಿ ಅಂಗಡ್ಯಾಗ ಹೊಕ್ಕಾಂಗ ಆತು.”

ನಡುವಿನ ಭಾಗಕ್ಕೆ ಬಂದಾಗ ಕಣ್ಣು ಮುಚ್ಚಿದರು. “ಬೆಲ್ಲದ ಪಾಕ. ತಳಾ ಹತ್ತೂದಕ್ಕ ಒಂದ ಗಳಿಗಿ ಮೊದಲ ಇಳಿಸಿದ್ದು.”

ಆಗಲೇ ನಾನು ಕೈ ಚಾಚಿದ್ದು. ತಿನ್ನದ ಬದನೆಕಾಯಿಯ ಬಗ್ಗೆ ನಾನು ಬರೆದವಳಲ್ಲ. ಎಳೆದೆ. ಕೆಮ್ಮಿದ್ದು ಆಗಲೇ ಹೇಳಿದ್ದೇನೆ. ಆದರೆ ಕೆಮ್ಮು ನಿಂತ ಮೇಲೆ ನಾಲಿಗೆಯ ಮೇಲೆ ಏನೋ ಉಳಿದಿತ್ತು. ಖರೇನೇ, ಬೆಲ್ಲದ ಪಾಕ. ನನಗೆ ಅಷ್ಟಕ್ಕೇ ಸಾಕಾಯಿತು, ಇನ್ನೊಂದು ಸಲ ಎಳೆಯುವ ಆಸೆ ಆಗಲಿಲ್ಲ.

ಕೊನೆಯ ಭಾಗ: “ಗುರೆಳ್ಳ ಚಟ್ನಿ. ಖಾರ ಇಲ್ಲ, ಎಣ್ಣಿ ಐತಿ.” ಆಮೇಲೆ ಸಿಗಾರನ್ನು ತಿರುಗಿಸಿ ತೋರಿಸಿದರು. “ಇಲ್ಲಿ ನೋಡ್ರಿ, ಒಂದ ಕಡೆ ಸೊಟ್ಟ ಉರದೈತಿ. ಬಿಸಲ ಬಡದ ಮಗ್ಗಲಾ. ಇದನ್ನೂ ಬರೀರಿ.”

ನಜೀರ ಬಾಗಿಲಿಂದಲೇ ಗಾಬರಿಯಾದ. “ಚಾಚಾ, ಒಣಗಿಸಿದ್ದ ಬರದ್ರ ಮಾಲೀಕರು ನನ್ನ ಒಳಗ ಬಿಡ್ತಾರೇನ್ರಿ?”

“ಬರೀಲಿಲ್ಲಂದ್ರ ತಪ್ಪ ತಂಬಾಕಿನ ಮ್ಯಾಲೆ ಹೋಗತೈತಿ,” ಅಂದರು ಖಾಜಾಸಾಬರು. “ಸುತ್ತಿದಾಂವ ಛಲೋ ಸುತ್ಯಾನ. ಕೆಡಿಸಿದ್ದು ನಾವು. ಮಾಡದಿದ್ದವರ ಮ್ಯಾಲೆ ಹಾಕಬಾರ್ದು.”

ಅವರು ಹೇಳಿದ್ದು ಸಿಗಾರಿನ ಮಾತು. ಆದರೆ ನನ್ನ ಕೈಯ ಪೆನ್ನು ಯಾಕೋ ನಿಂತಿತು.

ನಜೀರ ಸ್ವಲ್ಪ ಯೋಚಿಸಿ ಒಪ್ಪಿಕೊಂಡ. “ಆತು, ಬರೀರಿ ಅಕ್ಕೋರ,” ಅಂದ, ನಗುತ್ತ. “ನಮ್ಮ ಅಕ್ಕೋರ ಅತ್ತಿ ಹಸಿ ಆಗೇತಿ ಅಂತ ತಿಳದು ಎರಡ ದಿನಾ ಬಿಸಲಿಗಿಟ್ಟಿದ್ರು...”

“ಅತ್ತಿ ಅಲ್ಲ,” ಅಂದೆ. “ನಾನು.”

ನಾನು ತಲೆ ಎತ್ತದೆ ಎಲ್ಲ ಹೇಳಿದೆ. ಪಾಕೀಟು ಬಿಚ್ಚಿದ್ದು, ಪುಡಿ ಒರೆಸಿದ್ದು, ಮಗ್ಗುಲು ಬದಲಿಸಿದ್ದು, ಸುಮ್ಮನೆ ನಿಂತದ್ದು. ಕೊನೆಗೆ ಖಾಜಾಸಾಬರಿಗೆ, “ನಿಮಗೂ ಹೇಳಲಿಲ್ಲ ಚಾಚಾ, ತಪ್ಪಾತು,” ಅಂದೆ.

“ಯಾರ ಇಟ್ಟಾರಂತ ನಾ ಕೇಳಿದ್ನೇನ್ರಿ?” ಅಂದು ಅವರು ಬೂದಿ ಉದುರಿಸಿದರು.

ನಜೀರ ನನ್ನನ್ನು ನೋಡಲಿಲ್ಲ. ಅತ್ತೆಯನ್ನು ನೋಡಿದ. “ಮತ್ತ ನೀವ್ಯಾಕ ಒಪ್ಪಿಕೊಂಡ್ರಿ ಆಯಿ?”

“ನಿನಗ ಅಕ್ಷರಾ ಕಲಿಸಿದಾಕಿ ಅಕಿ,” ಅಂದರು ಅತ್ತೆ, ಡಬ್ಬಿಯ ಮುಚ್ಚಳ ತೆಗೆಯುತ್ತ. “ಅಕಿ ಕೆಡಿಸಿದ್ಲು ಅಂದಿದ್ರ ನಿನಗ ಭಾಳ ಕೆಟ್ಟ ಅನಸ್ತಿತ್ತು. ಮುದುಕಿ ಕೆಡಿಸಿದ್ಲು ಅಂದ್ರ ಯಾರಿಗೂ ಏನೂ ಅನಸಂಗಿಲ್ಲ.”

ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿ ಬಾಳಿದ್ದೇನೆ. ಕಣ್ಣು ಒರೆಸಿಕೊಂಡೆ. ಹೊಗೆ ಅಂತ ಹೇಳಿದೆ. ಯಾರೂ ನಂಬಲಿಲ್ಲ.

“ಹಂಗ ಬರೀರಿ ಅಕ್ಕೋರ,” ಅಂದ ನಜೀರ. “ನಮ್ಮ ಅಕ್ಕೋರ ಇಟ್ಟಿದ್ರು ಅಂತನ ಬರೀರಿ. ನನಗೇನ ಬ್ಯಾಸರಿಲ್ಲ.”

ಬರೆದೆ. ಶೇಂಗಾ, ಚಪ್ಪಲಿ ಅಂಗಡಿ, ಬೆಲ್ಲದ ಪಾಕ, ಗುರೆಳ್ಳು, ಬಿಸಿಲು, ಗಡಿಗೆ, ಸೊಟ್ಟ ಉರಿದದ್ದು, ಎಲ್ಲವನ್ನೂ ಇಂಗ್ಲಿಷಿಗೆ ತಂದೆ. ಹತ್ತಕ್ಕೆ ಎಂಟು ಅಂಕ ಕೊಟ್ಟೆ (ಮಾಸ್ತರಿಕೆಯ ಚಟ). ಕಳೆದ ಎರಡರಲ್ಲಿ ಒಂದು ನನ್ನ ತಪ್ಪಿನದು ಎಂದೂ ಬರೆದೆ. ಇನ್ನೊಂದು ನನ್ನ ಕೆಮ್ಮಿನದು. ಸೇದಿ ರುಚಿ ಹೇಳಿದವರು ನರಗುಂದದ ಒಬ್ಬ ತಂಬಾಕಿನ ವ್ಯಾಪಾರಿ ಎಂದೂ ಬರೆದೆ, ಖಾಜಾಸಾಬರು ಹೆಸರು ಹಾಕಬೇಡಿ ಅಂದರು. ಪೂರ್ತಿ ಕನ್ನಡದಲ್ಲಿ ಓದಿಸಿ ಕೇಳಿ, ಶೇಂಗಾ ಅನ್ನುವ ಮುಂದೆ ‘ಸಿಪ್ಪೆ ಸಮೇತ’ ಎಂಬುದು ಬಿಟ್ಟುಹೋಗಿದ್ದನ್ನು ತಿದ್ದಿಸಿದರು. ಎರಡು ದಿನಕ್ಕೆ ನಜೀರ ವಿಮಾನ ಹತ್ತಿದ.

ಮೊನ್ನೆ ಮಂಗಳವಾರ ಫೋನು ಬಂತು. ಮಿಸ್ಡ್ ಕಾಲ್ ಅಲ್ಲ, ಖರೇ ಕಾಲ್. ಅಷ್ಟಕ್ಕೇ ಗೊತ್ತಾಯಿತು, ಸುದ್ದಿ ದೊಡ್ಡದು ಅಂತ.

“ಅಕ್ಕೋರ, ಒಳಗ ನಿಂತ ಮಾತಾಡಾಕತ್ತೀನ್ರಿ!”

ಉಳಿದವರೆಲ್ಲ ಪೆಟ್ಟಿಗೆಯ ಜೊತೆ ಬಂದ ಕಾಗದ ನೋಡಿ ಚಾಕಲೇಟು, ಕಾಫಿ ಅಂತ ಒಂದೇ ರೀತಿ ಬರೆದಿದ್ದರಂತೆ. ಮಾಲೀಕರು ನಜೀರನ ಪುಟವನ್ನು ಎರಡು ಸಲ ಓದಿದರಂತೆ. ಶೇಂಗಾದ ಹತ್ತಿರ ನಕ್ಕರಂತೆ, ಸಂಡಿಗೆಯ ಹತ್ತಿರ ಜೋರಾಗಿ ನಕ್ಕರಂತೆ. ಗಡಿಗೆಯ ಹತ್ತಿರ ಬಂದಾಗ ಮಾತ್ರ ನಗಲಿಲ್ಲ. ಮರುಭೂಮಿಯ ಊರು, ಮನೆಮನೆಗೆ ಎಸಿ. ಗಿರಾಕಿಗಳು ಒಣಗಿದ ಸಿಗಾರು ಹಿಡಿದುಕೊಂಡು ಬಂದು ಏನಾದರೂ ಮಾಡಿ ಅನ್ನುತ್ತಾರಂತೆ. ಇದನ್ನು ನೀನು ಮಾಡಬಲ್ಲೆಯಾ ಎಂದು ಕೇಳಿದರಂತೆ. ಒಂಬತ್ತು ದಿನ ಕೊಟ್ಟರೆ ಮಾಡುತ್ತೇನೆ, ಅವಸರ ಮಾಡಿದರೆ ಆಗುವುದಿಲ್ಲ ಅಂದನಂತೆ ನಮ್ಮ ನಜೀರ.

ಖಾಜಾಸಾಬರಿಗೆ ಸುದ್ದಿ ಮುಟ್ಟಿಸಿದೆ. “ಛಲೋ ಆತ ಬಿಡ್ರಿ,” ಅಂದರು, ಅಂಗಡಿಯಲ್ಲಿ ಗಿರಾಕಿ ಇದ್ದಾರೆ ಅಂತ ಫೋನು ಇಟ್ಟುಬಿಟ್ಟರು. ಅವರಿಗೆ ನಾನು ಹೇಗೆ ಉಪಕಾರ ತೀರಿಸಲಿ? ಒಂಬತ್ತು ನಸುಕು ಎದ್ದು ಗುರುತಿಲ್ಲದವನ ಸಿಗಾರು ತಿರುಗಿಸಿದ ಮನುಷ್ಯ. ಇಲ್ಲಿ ಹೆಸರು ಬದಲಿಸಿ ಬರೆದಿದ್ದೇನೆ, ಅವರ ಇಷ್ಟದಂತೆ. ಆದರೆ ನರಗುಂದದವರಿಗೆ ಗೊತ್ತಾಗಲಿ ಅನ್ನುವ ಆಸೆಯಂತೂ ಇದೆ.

ಆಮೇಲೆ ಅತ್ತೆಯ ಹತ್ತಿರ ಹೋಗಿ ಕೂತೆ. ನಜೀರನ ಸುದ್ದಿ ಹೇಳಿದೆ. ಇನ್ನೊಂದನ್ನೂ ಹೇಳಿದೆ, ನರಗುಂದದಲ್ಲಿ ಹೇಳಲಾಗದೆ ಉಳಿದದ್ದು. “ನೀವಿದ್ದದ್ದು ನನ್ನ ಪುಣ್ಯ ಅತ್ತಿ,” ಅಂದೆ. ಅವರು ಕಿವಿ ಸರಿಯಾಗಿ ಕೇಳಿಸದವರ ಹಾಗೆ ಮಾಡಿದರು.

ನರಗುಂದದ ಆ ಭಾನುವಾರದಿಂದ ನನಗೆ ಬೇರೆ ಬೇರೆ ಸಂಗತಿಗಳು ನೆನಪಾಗುತ್ತಿವೆ. ಒಲೆಯ ಮೇಲೆ ಮರೆತ ಹಾಲು. ಕಳೆದುಹೋದ ಕಪಾಟಿನ ಕೀಲಿ. ನೆನೆದುಹೋದ ಹಿಟ್ಟಿನ ಚೀಲ. ಎಲ್ಲಕ್ಕೂ ಮನೆಯಲ್ಲಿ ಒಂದೇ ಉತ್ತರ ಇತ್ತು: ಆಯಿಯೇ ಇರಬೇಕು ಬಿಡು, ವಯಸ್ಸಾಯಿತು. ಅವರೂ ಒಂದು ಸಲವೂ ಅಲ್ಲ ಅನ್ನಲಿಲ್ಲ.

ನಿಮ್ಮ ಮನೆಯ ಮುದುಕಿ ಮಾಡಿದಳು ಅನ್ನುವ ತಪ್ಪುಗಳಲ್ಲಿ ನಿಮ್ಮವು ಎಷ್ಟು?